ಹಂದಿ ಕೊಟ್ಟಿಗೆಯ ಮೇಲೂ ಪಿಎಚ್‌ಡಿ ಮಾಡುತ್ತಾರಾ?

ಹಂದಿ ಮಲಗುವ ಜಾಗದ ಬಗ್ಗೆ ಮೂರು-ನಾಲ್ಕು ವರ್ಷ ಸಂಶೋಧನೆ ಎಂದರೆ ನಗುವವರೇ ಹೆಚ್ಚು. ಹಂದಿಗೆ ಕೆಸರಿದ್ದರೆ ಸಾಕು ಎಂಬ ನಂಬಿಕೆ ಆ ನಗುವಿನ ಹಿಂದಿದೆ. ಆದರೆ ಹಂದಿ ಕೆಸರಿನಲ್ಲಿ ಹೊರಳುವುದು ಕೊಳಕು ಇಷ್ಟ ಅಂತಲ್ಲ. ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಸಾಕಷ್ಟು ಜಾಗ ಸಿಕ್ಕರೆ ಅದು ಮಲಗುವ ಕಡೆ ಗಲೀಜು ಮಾಡದೆ ದೂರ ಹೋಗುತ್ತದೆ.

ಸಂಶೋಧಕರನ್ನು ಕಾಡುತ್ತಿರುವ ಪ್ರಶ್ನೆ ಇನ್ನೊಂದು. ಯುರೋಪಿನ ಹೆಚ್ಚಿನ ದೊಡ್ಡ ಫಾರ್ಮ್‌ಗಳಲ್ಲಿ ಮರಿ ಹಾಕುವ ಹಂದಿಯನ್ನು ಕೆಲವು ವಾರ ಕಬ್ಬಿಣದ ಸರಳುಗಳ ನಡುವೆ ಇಡುತ್ತಾರೆ. ಏಳಬಹುದು, ಮಲಗಬಹುದು, ತಿರುಗಲು ಆಗದು. ಇದು ಬರೀ ಕ್ರೌರ್ಯವಲ್ಲ, ಕಾರಣವಿದೆ. ತಾಯಿಯ ತೂಕ 200 ಕಿಲೋಗೂ ಹೆಚ್ಚು, ಮರಿಯದು ಒಂದೂವರೆ ಕಿಲೋ ಆಸುಪಾಸು. ತಾಯಿ ಮಲಗುವಾಗ ಮರಿಗಳು ಅಡಿಗೆ ಸಿಕ್ಕಿ ಸಾಯುತ್ತವೆ.

ಇನ್ನೊಂದು ಕಡೆ, ಮರಿ ಹಾಕುವ ಮುನ್ನ ಗೂಡು ಕಟ್ಟುವ ತುಡಿತ ಹಂದಿಗೆ ಹುಟ್ಟಿನಿಂದಲೇ ಇದೆ. ಸ್ಟೋಲ್ಬಾ ಮತ್ತು ವುಡ್-ಗಶ್ ಎಂಬ ವಿಜ್ಞಾನಿಗಳು ಎಡಿನ್‌ಬರೋದಲ್ಲಿ ಫಾರ್ಮ್ ಹಂದಿಗಳನ್ನು ಮರಗಿಡಗಳಿದ್ದ ವಿಶಾಲ ಆವರಣಕ್ಕೆ ಬಿಟ್ಟು ನೋಡಿದರು. ಅವು ಜಾಗ ಹುಡುಕಿ, ನೆಲ ಕೆದಕಿ, ಹುಲ್ಲು ಕೊಂಬೆ ತಂದು ಹಾಸಿದವು. ತಲೆಮಾರುಗಳ ಸಾಕಣೆಯೂ ಅದನ್ನು ಅಳಿಸಿರಲಿಲ್ಲ.

ತಾಯಿಗೂ ಬಿಡುವು, ಮರಿಗೂ ಜೀವ, ಎರಡೂ ಹೇಗೆ? ಗೋಡೆಗೆ ಎಷ್ಟು ಇಳಿಜಾರು, ಮರಿಗಳ ಬೆಚ್ಚನೆಯ ಮೂಲೆ ಎಲ್ಲಿ, ಎಷ್ಟು ಹುಲ್ಲು, ಮೊದಲ ಕೆಲವು ದಿನ ಮಾತ್ರ ಕಟ್ಟಿಹಾಕಿದರೆ ಸಾಕೇ? ಇವುಗಳಲ್ಲಿ ಒಂದೊಂದೂ ಒಂದು ಪಿಎಚ್‌ಡಿಗೆ ಸಾಕಾಗುವ ವಿಷಯ. ಗರ್ಭದ ಬಹುಪಾಲು ಅವಧಿಯಲ್ಲಿ ಒಂಟಿ ಕಟಕಟೆಯನ್ನು ಐರೋಪ್ಯ ಒಕ್ಕೂಟ 2013ರಿಂದ ನಿಷೇಧಿಸಿತು. ಹೆರಿಗೆಯ ಸರಳುಗಳಿಗೆ ಒಕ್ಕೂಟದ ನಿಷೇಧ ಆಗ ಬರಲಿಲ್ಲ. ಸ್ವೀಡನ್‌ನಲ್ಲಿ ತಾಯಿ ಹಂದಿಯನ್ನು ಬಿಟ್ಟೇ ಸಾಕುತ್ತಾರೆ.

ಅವಕಾಶ ಎಲ್ಲಿ? ನೆದರ್ಲೆಂಡ್ಸಿನ ವಾಖೆನಿಂಗನ್, ಡೆನ್ಮಾರ್ಕಿನ ಆರ್ಹುಸ್, ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯ ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ಈ ದೇಶಗಳಲ್ಲಿ ಪಿಎಚ್‌ಡಿ ಬಹುತೇಕ ಸಂಬಳದ ಕೆಲಸ. ಯೋಜನೆ ಮೊದಲೇ ಗೊತ್ತಾಗಿದ್ದು, ನೌಕರಿಯಂತೆ ಜಾಹೀರಾತು ಬರುವುದೇ ಹೆಚ್ಚು. ನಮ್ಮ ಪಶುವೈದ್ಯ ಪದವೀಧರರು "ನನ್ನದೇ ವಿಷಯ" ಹಿಡಿದು ಬರೆಯುವ ಬದಲು ಆ ಜಾಹೀರಾತುಗಳನ್ನು ಹುಡುಕುವುದು ಒಳ್ಳೆಯದು. ಕೆಲಸವೂ ಕಚೇರಿಯದಲ್ಲ: ಕೊಟ್ಟಿಗೆಯ ವಾಸನೆ, ಗಂಟೆಗಟ್ಟಲೆ ವಿಡಿಯೋ ನೋಡಿ ಹಂದಿ ಎಷ್ಟು ಸಲ ಎದ್ದಿತು ಎಂಬ ಎಣಿಕೆ.

ಅರ್ಜಿ ಹಾಕುವ ಮೊದಲು ಹಣ ಯಾರದು ಎಂದು ಕೇಳಿ. ಮಾಂಸೋದ್ಯಮವೇ ಕೊಡುತ್ತಿದ್ದರೆ ತಪ್ಪೇನಿಲ್ಲ. ಆದರೆ ಅವರಿಗೆ ಹಿಡಿಸದ ಫಲಿತಾಂಶವನ್ನೂ ಪ್ರಕಟಿಸುವ ಹಕ್ಕು ಬರಹದಲ್ಲಿರಲಿ.