ಯವನರಾಜರಿಗೆ ಹೆಸರಿಟ್ಟವರಾರು?

ಆಟದ ಗೊಡವೆ ಕನ್ನಡದ ಉಪಾಧ್ಯಾಯನಿಗೇಕೆ ಎಂದು ವಾಚಕರು ಕೇಳಬಹುದು. ಕೇಳಲಿ. ನನ್ನ ಅಣ್ಣನ ಮಗ ರಜೆಗೆಂದು ಬಂದವನು ಹದಿನೈದು ದಿನ ಕಂಪ್ಯೂಟರಿನ ಮುಂದೆ ಕುಳಿತು ಸಿರಿಯಾ ದೇಶವನ್ನು ಆಳಿದ. ಅಲೆಕ್ಸಾಂಡರನ ತರುವಾಯದ ಯವನರಾಜ್ಯಗಳನ್ನು ಕುರಿತ ಯುದ್ಧತಂತ್ರದ ಆಟ ಅದು. ಈ ಬಗೆಯವು ಈಗ ಹಲವಿವೆ. 2019ರಲ್ಲಿ ಹೊರಬಂದ ‘ಇಂಪರೇಟರ್: ರೋಮ್’ ಎಂಬುದು ಕ್ರಿ.ಪೂ. 304ರಿಂದಲೇ ಆರಂಭವಾಗುತ್ತದೆ. ನಾನು ಕಂಡದ್ದು ಅದಲ್ಲ, ಬೇರೊಂದು. ಅದರ ಹೆಸರು ಹೇಳಿ ಜಗಳ ತೆಗೆಯುವ ಇಚ್ಛೆ ನನಗಿಲ್ಲ.

ಒಂದು ಸಂಜೆ ಇಣುಕಿ ನೋಡಿದೆ. ಆಂಟಿಯೋಕಸ್ ಎಂಬ ರಾಜ ಆಗತಾನೆ ತೀರಿಕೊಂಡಿದ್ದ. ಪಟ್ಟಕ್ಕೆ ಬಂದ ಹಿರಿಯ ಮಗನ ಹೆಸರು ‘ಒಂದನೆಯ ಲಿಯೋನಿಡಾಸ್’!

“ಸ್ಪಾರ್ಟಾದವನ ಹೆಸರು ಸೆಲ್ಯೂಕಸನ ಮನೆಗೆ ಹೇಗೆ ಬಂತಪ್ಪ?” ಎಂದೆ.

“ಗ್ರೀಕ್ ಹೆಸರಿನ ಪಟ್ಟಿ ಒಂದಿರುತ್ತೆ ಚಿಕ್ಕಪ್ಪ. ಅದರಲ್ಲಿ ಯಾವುದೋ ಒಂದು ಬರುತ್ತೆ. ಆಟ ತಾನೆ? ಹೆಸರಲ್ಲೇನಿದೆ?”

ಈ ಮಾತಿಗೇ ನನ್ನ ತಕರಾರು. ಆನೆಯ ಅಂಬಾರಿ, ಈಟಿಯ ಉದ್ದ, ಗುರಾಣಿಯ ಬಣ್ಣ, ಇವಕ್ಕೆಲ್ಲ ಗ್ರಂಥಗಳನ್ನು ತಿರುವಿಹಾಕಿದ ಪುಣ್ಯಾತ್ಮರು ರಾಜನ ಹೆಸರಿಗೆ ಮಾತ್ರ ಚೀಟಿ ಎತ್ತಿದರೆ ಸಾಕೆಂದುಕೊಂಡರು. ಆ ಕಾಲದ ರಾಜಕಾರಣದಲ್ಲಿ ಈಟಿಗಿಂತ ಹರಿತವಾದ ಆಯುಧ ಹೆಸರೇ ಆಗಿತ್ತೆಂಬುದನ್ನು ಅವರು ಗಮನಿಸಲಿಲ್ಲ.

ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ಗ್ರೀಕರ ಹಳೆಯ ಪದ್ಧತಿ. ಸೆಲ್ಯೂಕಸನ ತಂದೆಯ ಹೆಸರು ಆಂಟಿಯೋಕಸ್. ಆದ್ದರಿಂದ ಮಗನೂ ಆಂಟಿಯೋಕಸ್. ಈ ಆಂಟಿಯೋಕಸನ ಹಿರಿಯ ಮಗ ಮತ್ತೆ ಸೆಲ್ಯೂಕಸ್. ಹೀಗೆ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಹೆಸರು ಮರಳಿ ಬರಬೇಕು. ಆದರೆ ರಾಜರ ಪಟ್ಟಿಯಲ್ಲಿ ಕ್ರಿ.ಪೂ. 261ರಲ್ಲಿ ಆಂಟಿಯೋಕಸನ ಬೆನ್ನಿಗೇ ಇನ್ನೊಬ್ಬ ಆಂಟಿಯೋಕಸ್ ನಿಂತಿದ್ದಾನೆ. ಸಾಲು ತಪ್ಪಿದ್ದೇಕೆ? ಯುವರಾಜ ಸೆಲ್ಯೂಕಸನನ್ನು ದ್ರೋಹದ ಸಂಶಯದ ಮೇಲೆ ತಂದೆಯೇ ಕೊಲ್ಲಿಸಿದ್ದ. ಪಟ್ಟ ಕಿರಿಯವನಿಗೆ ಹೋಯಿತು. ಒಂದು ಕೊಲೆಯ ಕಲೆ ಹೆಸರಿನ ಸಾಲಿನಲ್ಲೇ ಉಳಿದಿದೆ. ಚೀಟಿ ಎತ್ತುವ ಯಂತ್ರಕ್ಕೆ ಇಂತಹ ಕಲೆ ಮೂಡಿಸುವ ಶಕ್ತಿಯುಂಟೆ?

ಈಜಿಪ್ಟಿನ ಟಾಲೆಮಿಗಳ ರೀತಿಯೇ ಬೇರೆ. ಅಲ್ಲಿ ಆಳಿದ ರಾಜರೆಲ್ಲ ಟಾಲೆಮಿಗಳೇ. ಮೊದಲ ಟಾಲೆಮಿಗೆ ಇಬ್ಬರು ಹೆಂಡಿರಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೂ ಟಾಲೆಮಿ ಎಂಬ ಹೆಸರೇ ಇತ್ತು. ಒಬ್ಬ ‘ಕೆರೌನಸ್’, ಎಂದರೆ ಸಿಡಿಲು, ಕ್ರಿ.ಪೂ. 281ರಲ್ಲಿ ಮುದಿ ಸೆಲ್ಯೂಕಸನನ್ನು ಇರಿದು ಕೊಂದವನು. ಇನ್ನೊಬ್ಬ ‘ಫಿಲಡೆಲ್ಫಸ್’, ಈಜಿಪ್ಟನ್ನಾಳಿದವನು. ಒಂದೇ ಹೆಸರಿನವರನ್ನು ಬೇರ್ಪಡಿಸಿದ್ದು ಬಿರುದು, ಅಂಕಿಯಲ್ಲ. ಅಧಿಕೃತ ಬಿರುದು ಹಿಡಿಸದಿದ್ದರೆ ಜನ ಸುಮ್ಮನಿರುತ್ತಲೂ ಇರಲಿಲ್ಲ. ‘ಉಪಕಾರಿ’ ಎಂದು ಕರೆಸಿಕೊಂಡ ಒಬ್ಬ ಟಾಲೆಮಿಯನ್ನು ಅಲೆಕ್ಸಾಂಡ್ರಿಯದವರು ‘ಡೊಳ್ಳುಹೊಟ್ಟೆ’ ಎಂದರು.

ಹಾಗಾದರೆ ಒಂದನೆಯ, ಎರಡನೆಯ ಎಂಬ ಅಂಕಿ ಯಾರದು? ನಮ್ಮಂತಹ ಮೇಷ್ಟರುಗಳದು. ಟಾಲೆಮಿಗಳ ನಾಣ್ಯದ ಮೇಲೆ ‘ರಾಜ ಟಾಲೆಮಿಯದು’ ಎಂದಷ್ಟೆ ಇರುತ್ತದೆ. ಅಶೋಕನ ಹದಿಮೂರನೆಯ ಬಂಡೆಗಲ್ಲಿನ ಶಾಸನದಲ್ಲಿ ಅಂತಿಯೋಕ, ತುರಮಾಯ ಮೊದಲಾದ ಐವರು ಯವನರಾಜರು ಬರುತ್ತಾರೆ, ಒಬ್ಬನಿಗೂ ಅಂಕಿಯಿಲ್ಲ. ಅಂಕಿ ಹಚ್ಚಿದ ವಿದ್ವಾಂಸರೇ ಎಡವಿದ್ದುಂಟು: ‘ಏಳನೆಯ ಟಾಲೆಮಿ’ ಎಂದು ಎಣಿಸಿದವನು ನಿಜವಾಗಿ ಆಳಲೇ ಇಲ್ಲವೆಂಬುದು ಈಗ ಬಹುಮಂದಿಯ ಮತ. ಅಂಕಿ ಪಾಠಕ್ಕೆ ಅನುಕೂಲ, ಒಪ್ಪಿದೆ. ನಾನೂ ತರಗತಿಯಲ್ಲಿ ಇಮ್ಮಡಿ ಪುಲಿಕೇಶಿ ಎನ್ನುತ್ತೇನೆ. ಅವನು ಮೊದಲ ಪುಲಿಕೇಶಿಯ ಮೊಮ್ಮಗನಾದ್ದರಿಂದ ತಾತನ ಹೆಸರು ಬಂತೆಂದು ಹೇಳಲು ಎಷ್ಟೋ ವರ್ಷ ಮರೆತಿದ್ದೆ. ಅಂಕಿ ಬಂದಲ್ಲಿ ನೆಂಟು ಮರೆಯುತ್ತದೆ. ತಪ್ಪಿನಲ್ಲಿ ನನಗೂ ಪಾಲಿದೆ.

ಇನ್ನು ತಂತ್ರದ ಮಾತು. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತಾಗ ಕಾಲಾಳುಗಳು ಅವನ ಮಲಸಹೋದರ ಅರಿಡೇಯಸನನ್ನು ರಾಜನೆಂದು ಕೂಗಿದರು. ಕೂಗಿದೊಡನೆ ಮಾಡಿದ ಕೆಲಸವೇನು? ಹೆಸರು ಬದಲಿಸಿ ಫಿಲಿಪ್ ಎಂದು ಕರೆದದ್ದು. ಸೆಲ್ಯೂಕಸನ ವಂಶದಲ್ಲಿ ಅಲೆಕ್ಸಾಂಡರ್ ಎಂಬ ರಾಜಕುಮಾರ ಪಟ್ಟವೇರುವಾಗ ಸೆಲ್ಯೂಕಸ್ ಎಂಬ ಹೆಸರು ಧರಿಸಿದ. ಕ್ರಿ.ಪೂ. 149ರಲ್ಲಿ ಕುಲಗೋತ್ರ ಗೊತ್ತಿಲ್ಲದ ಆಂಡ್ರಿಸ್ಕಸ್ ಎಂಬುವನು ತಾನು ಪರ್ಸಿಯಸ್ ರಾಜನ ಮಗ ಫಿಲಿಪ್ ಎಂದು ಸಾರಿಕೊಂಡು ಬಂದ. ಆ ಹೆಸರಿಗೆ ಮ್ಯಾಸಿಡೋನಿಯ ಎದ್ದು ನಿಂತಿತು. ರೋಮಿನ ಒಂದು ಸೈನ್ಯ ಸೋತು ಅದರ ನಾಯಕ ಮಡಿದ. ಮರುವರ್ಷ ಅವನನ್ನು ಸೋಲಿಸಿದ ಮೇಲೆ ರೋಮನರು ಆ ದೇಶವನ್ನೇ ತಮ್ಮ ಪ್ರಾಂತವಾಗಿಸಿಕೊಂಡರು. ಹೆಸರಲ್ಲೇನಿದೆ ಎನ್ನುವವರು ಆ ರೋಮನರನ್ನು ಕೇಳಬೇಕು.

“ಆಟಗಾರ ಚರಿತ್ರೆಯನ್ನು ಬದಲಿಸುವವನು, ಹೊಸ ರಾಜರು ಹುಟ್ಟುವಾಗ ಹೊಸ ಹೆಸರು ಬೇಡವೆ?” ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಧಾರಾಳವಾಗಿ ಬರಲಿ. ಆಂಟಿಗೋನಸನ ವಂಶದಲ್ಲಿ ಆಂಟಿಗೋನಸ್, ಡೆಮೆಟ್ರಿಯಸ್ ಎಂದು ಸಾಗಿದ್ದ ಸಾಲಿಗೆ ಫಿಲಿಪ್ ಎಂಬ ರಾಜ ಬಂದಾಗ, ಆ ಹೆಸರು ಅಲೆಕ್ಸಾಂಡರನ ತಂದೆಯನ್ನು ನೆನಪಿಸದೆ ಇರಲಿಲ್ಲ. ಹೊಸ ಹೆಸರಿಗೂ ಅರ್ಥವಿರಬೇಕೆಂಬುದಷ್ಟೆ ನನ್ನ ಹಟ. ಯುದ್ಧದ ಫಲ ಬದಲಾಗಲಿ. ತೊಟ್ಟಿಲಿಗೆ ಹಾಕುವವರ ಮನಸ್ಸು ಬದಲಾಗಲು ಕಾರಣವೇನು?

ಆಟ ಕಟ್ಟುವವರಿಂದ ನಾನು ಬೇಡುವುದು ಅತಿಯಾದದ್ದೇನಲ್ಲ. ಹಿರಿಯ ಮೊಮ್ಮಗನಿಗೆ ತಾತನ ಹೆಸರು ತಾನಾಗಿ ಬರಲಿ. ಪಟ್ಟವೇರುವವನು ಹೆಸರು ಬದಲಿಸಲು ಅವಕಾಶವಿರಲಿ. ಅಂಕಿಯ ಜಾಗದಲ್ಲಿ ಬಿರುದಿರಲಿ. ರಾಜವಂಶದ ಹೆಸರು ಹೊತ್ತು ಒಬ್ಬ ಸುಳ್ಳುಗಾರ ಗಡಿಯಲ್ಲಿ ಕಾಣಿಸಿಕೊಂಡರೆ ಆಟಗಾರನ ನಿದ್ದೆ ಕೆಡಲಿ. ಗ್ರೀಕ್ ಚರಿತ್ರೆಯ ಪುಸ್ತಕವನ್ನು ಎಂದೂ ಮುಟ್ಟದ ನಮ್ಮ ಹುಡುಗರಿಗೆ ಆ ಲೋಕದ ಪರಿಚಯವಾಗುವುದು ಇಂತಹ ಆಟಗಳಿಂದಲೇ. ಮೊದಲ ಪರಿಚಯದಲ್ಲೇ ಸುಳ್ಳು ಬೆರೆತರೆ ಅಳಿಸುವವರಾರು?

ಅಣ್ಣನ ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಒಂದೇ ಮಾತು ಕೇಳಿದೆ: “ನಿನ್ನ ಹೆಸರು ಯಾರದೋ?” ಅದು ಅವನ ತಾತನದು, ನನ್ನ ತಂದೆಯದು. ಗಂಡನ ಹೆಸರು ಬಾಯಲ್ಲಿ ಆಡಬಾರದೆಂದು ನನ್ನ ತಾಯಿ ಈ ಮೊಮ್ಮಗನನ್ನು ಕೊನೆಯವರೆಗೂ ‘ಪುಟ್ಟು’ ಎಂದೇ ಕರೆದರು. ಬೈಯುವಾಗಲೂ ಆ ಹೆಸರನ್ನೆತ್ತಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಲ್ಲಿ ಹೆಸರು ಬದಲಾಯಿಸೋಕೆ ಆಗಲ್ಲ ಚಿಕ್ಕಪ್ಪ” ಎಂದ.

ಆಗುವಂತೆ ಮಾಡಲಿ ಎಂಬುದಕ್ಕೇ ಈ ಬರಹ.