ನಾಯಿ ನೆಲಕ್ಕೆ ಉಜ್ಜುವುದೇಕೆ?

ಸಾಕುನಾಯಿ ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಕುಳಿತಲ್ಲಿಂದಲೇ ನೆಲದ ಮೇಲೆ ತೆವಳುವುದನ್ನು ನೀವು ನೋಡಿರಬಹುದು. ಮಕ್ಕಳಿಗೆ ಅದು ತಮಾಷೆ. ಹಿರಿಯರು ‘ಜಂತುಹುಳು’ ಎಂದು ಮಾತ್ರೆ ನುಂಗಿಸುತ್ತಾರೆ. ಜಂತು, ಚರ್ಮದ ಅಲರ್ಜಿ ಕಾರಣವಿರಬಹುದು, ನಿಜ. ಆದರೆ ಅನೇಕ ಸಲ ತೊಂದರೆ ಇರುವುದು ಗುದಗ್ರಂಥಿಯ ಚೀಲಗಳಲ್ಲಿ.

ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿ. 4 ಮತ್ತು 8 ಗಂಟೆಯ ಸ್ಥಾನಗಳಲ್ಲಿ, ಚರ್ಮದಡಿಯಲ್ಲಿ, ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗೆ ಗಾಢ ವಾಸನೆಯ ದ್ರವ ಸ್ರವಿಸುತ್ತದೆ. ನಾಯಿಗಳು ಭೇಟಿಯಾದೊಡನೆ ಪರಸ್ಪರ ಹಿಂಭಾಗ ಮೂಸುವುದು ಈ ‘ಗುರುತಿನ ಚೀಟಿ’ಗಾಗಿ! ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ಶತ್ರುವಿನತ್ತ ಚಿಮ್ಮಿಸುವುದೂ ಇಂಥದೇ ಗ್ರಂಥಿಗಳ ದ್ರವವನ್ನು.

ಗಟ್ಟಿ ಮಲ ಹೊರಬರುವಾಗ ಅದರ ಒತ್ತಡಕ್ಕೆ ಚೀಲಗಳು ತಾವಾಗಿಯೇ ಬರಿದಾಗುತ್ತವೆ. ಮಲ ಪದೇ ಪದೇ ತೆಳ್ಳಗಾದರೆ ಅಥವಾ ನಾಯಿಗೆ ಬೊಜ್ಜು ಬಂದರೆ ದ್ರವ ಒಳಗೇ ಉಳಿದು ಮಂದವಾಗಬಹುದು. ನಾಳ ಕಟ್ಟಿಕೊಂಡು, ಸೋಂಕು ತಗಲಿ, ಕೀವು ತುಂಬಿ ಚೀಲ ಒಡೆಯಲೂಬಹುದು. ಆ ಭಾಗವನ್ನು ಸದಾ ನೆಕ್ಕುವುದು, ಮೀನಿನಂಥ ನಾತ, ಕುಳಿತುಕೊಳ್ಳಲು ಹಿಂಜರಿಕೆ, ಇವು ಮುನ್ಸೂಚನೆಗಳು. ಊತ, ರಕ್ತ, ಕೀವು ಕಂಡರೆ ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ಆರೋಗ್ಯವಂತ ನಾಯಿಯ ಚೀಲಗಳನ್ನು ಹಿಂಡುವ ಅಗತ್ಯವಿಲ್ಲ, ಹಿಂಡಿದರೆ ಗಾಯವಾದೀತು. ಊಟದೊಡನೆ ಉಪ್ಪು, ಖಾರ ಹಾಕದೆ ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಕೊಟ್ಟರೆ ನಾರಿನಂಶ ಸಿಗುತ್ತದೆ. ದಿನವೂ ಓಡಾಡಿಸಿದರೆ ಬೊಜ್ಜು ಬಾರದು.

ಮೂಕಪ್ರಾಣಿ ತನ್ನ ನೋವನ್ನು ವರ್ತನೆಯಲ್ಲೇ ಹೇಳುತ್ತದೆ. ಮಕ್ಕಳೇ, ನಾಯಿ ತೆವಳಿದರೆ ನಗುವ ಮೊದಲು ಅಪ್ಪ ಅಮ್ಮನಿಗೆ ತಿಳಿಸಿ. ಬಾಲವೆತ್ತಿ ನೋಡುವ ಕೆಲಸ ದೊಡ್ಡವರಿಗಿರಲಿ. ನೋವಿರುವ ನಾಯಿ ಕಚ್ಚೀತು!