ಪ್ರತಿ ಎತ್ತುವ ಹೊಣೆ

ನಾಗಪುರದ ಹೆಸರು ಕಾಣಿಸುವ ಪ್ರಾಚೀನ ದಾಖಲೆಗಳಲ್ಲಿ ಒಂದು ಕರ್ನಾಟಕದ ದೊರೆಯದು. ವರ್ಧಾ ಸಮೀಪದ ದೇವಳಿಯಲ್ಲಿ ದೊರೆತ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕ್ರಿ.ಶ. 940ರ ತಾಮ್ರಶಾಸನವು ನಾಗಪುರ-ನಂದಿವರ್ಧನ ಪ್ರದೇಶದ ಗ್ರಾಮವೊಂದರ ದಾನವನ್ನು ಹೇಳುತ್ತದೆ. ಅದೇ ದೊರೆಯ ಕನ್ನಡ ಪ್ರಶಸ್ತಿ ಮಧ್ಯಪ್ರದೇಶದ ಜೂರಾದಲ್ಲಿ ಕಲ್ಲಿನ ಮೇಲಿದೆ. ಅವನ ಆಶ್ರಯದಲ್ಲಿದ್ದ ಪೊನ್ನನ ಕಾವ್ಯ ಉಳಿದುಬಂದದ್ದು ಓಲೆಗರಿಯಲ್ಲಿ. ತಾಮ್ರವೂ ಕಲ್ಲೂ ತಾವಾಗಿಯೇ ಬಾಳಿದವು. ಓಲೆ ಬಾಳಿದ್ದು ಪ್ರತಿಯಿಂದ ಪ್ರತಿಗೆ. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಪ್ರಸಿದ್ಧವಾದ ಸಂಗತಿ. ಪೊನ್ನನದೇ ಆದ ಭುವನೈಕರಾಮಾಭ್ಯುದಯ ಇಂದು ನಮಗಿಲ್ಲ.

ಈ ವಿಚಾರ ನನ್ನನ್ನು ಕಾಡಿದ್ದು ನಾಗಪುರದ ಕನ್ನಡ ಕುಟುಂಬವೊಂದರ ಮನೆಯಲ್ಲಿ. ಮನೆಯ ಹಿರಿಯರು ಒಂದು ಹಾರ್ಡ್ ಡಿಸ್ಕ್ ತೋರಿಸಿ, "ಎಲ್ಲವನ್ನೂ ಇದರಲ್ಲಿ ಭದ್ರಮಾಡಿದ್ದೇವೆ" ಎಂದರು. ಅವರ ತಾಯಿಯ ಹಾಡುಗಳು ಹಳೆಯ ಕ್ಯಾಸೆಟ್ಟಿನಿಂದ ಬಂದಿದ್ದವು. ಧ್ವನಿ ಕೇಳಿಸಿತು, ಆದರೆ ಯಾವ ಊರಿನ ಹಾಡು, ಯಾವಾಗ ಹಾಡಿದ್ದು ಎಂಬ ಬರಹವಿರಲಿಲ್ಲ. ಮದುವೆಯ ವಿಡಿಯೋ ತೆರೆಯಲೇ ಇಲ್ಲ. ತಂದೆಯವರ ಲೇಖನ ತೆರೆಯಿತು. ಅಲ್ಲಿದ್ದದ್ದು ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಫಾಂಟು ಹೋದೊಡನೆ ಕನ್ನಡವೂ ಹೋಯಿತು. ಡಿಸ್ಕ್ ಕೆಟ್ಟಿರಲಿಲ್ಲ, ಒಳಗಿನದು ಓದಲಾರದ್ದಾಗಿತ್ತು.

ನಮ್ಮ ವಿಭಾಗಗಳ ಕ್ಷೇತ್ರಕಾರ್ಯದ ಸಂಗ್ರಹಗಳಿಗೂ ಇದೇ ಗತಿ ಬಂದೀತು. ಡಿಸ್ಕಿಗೆ ತುಂಬಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಸರಿಯಲ್ಲ. ಪಠ್ಯವನ್ನು ಯೂನಿಕೋಡಿಗೆ ತರಬೇಕು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. ಧ್ವನಿಯನ್ನು ಕುಗ್ಗಿಸದ ವೇವ್ ರೂಪದಲ್ಲಿ ಕಾದಿಟ್ಟು, ಎಂಪಿ3 ಪ್ರತಿಯನ್ನು ಕೇಳಲಿಕ್ಕೆ ಮಾತ್ರ ಬಳಸಬೇಕು. ಚಿತ್ರಗಳ ಮೂಲಪ್ರತಿಗೆ ಟಿಫ್ ಒಳ್ಳೆಯದು. ಹಾಡಿದವರು, ಊರು, ದಿನಾಂಕ, ಸಂಗ್ರಾಹಕರು ಎಂಬ ವಿವರಗಳು ಸರಳ ಪಠ್ಯವಾಗಿ ಜೊತೆಗಿರಬೇಕು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ಕ್ರಮ. ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ವರ್ಷಕ್ಕೊಮ್ಮೆ ಕಡತಗಳನ್ನು ತೆರೆದು ನೋಡಲೇಬೇಕು.

ಇದು ಗಣಕಯಂತ್ರದವರ ಕೆಲಸ, ನಮ್ಮದಲ್ಲ ಎನ್ನುವವರಿದ್ದಾರೆ. ಒಪ್ಪಲಾರೆ. ರೂಪಾಂತರದಲ್ಲಿ ಒತ್ತಕ್ಷರವೋ ಅರ್ಕಾವತ್ತೋ ಸ್ಥಾನ ತಪ್ಪಿದರೆ ಅದನ್ನು ಗುರುತಿಸಬಲ್ಲವರು ಕನ್ನಡ ಬಲ್ಲವರೇ. ಲಿಪಿಕಾರರ ಸ್ಖಾಲಿತ್ಯಗಳನ್ನು ತಿದ್ದುವುದನ್ನು ವಿದ್ವತ್ತೆಂದು ಗೌರವಿಸುವ ನಾವು ಇದನ್ನೂ ಹಾಗೆಯೇ ಕಾಣಬೇಕು. ಗ್ರಂಥಸಂಪಾದನೆಯ ಪಠ್ಯಕ್ರಮದಲ್ಲಿ ಓಲೆಗರಿಯ ಪಾಠದ ಜೊತೆಗೆ ಕಡತದ ಪಾಠವೂ ಸೇರಲಿ ಎಂಬುದು ನನ್ನ ಆಗ್ರಹ.